ಸಿಲ್ಕ್ ಬೋರ್ಡ್ ಮೇಲಿನ ಕೋಪ ಮನೆಯವರ ಮೇಲೆ

ಮಾನ್ಯ ಸಂಪಾದಕರೇ,

ಗಾಡಿ ತಾಗಿದ್ದಕ್ಕೆ ನಡುರಸ್ತೆಯಲ್ಲಿ ಹೊಡೆದಾಡಿಕೊಂಡವರ ಸುದ್ದಿ ಪತ್ರಿಕೆಯಲ್ಲಿ ಆಗಾಗ ಬರುತ್ತದೆ. ಮನೆಯೊಳಗೆ ದಿನಾ ನಡೆಯುವ ರೇಗಾಟ ಮಾತ್ರ ಬರುವುದಿಲ್ಲ. ಅದಕ್ಕೇ ನನ್ನ ಕಥೆ ಬರೆಯುತ್ತಿದ್ದೇನೆ, ಸ್ವಲ್ಪ ನಾಚಿಕೆಯಿಂದಲೇ.

ಮನೆ ಬನಶಂಕರಿ, ಕೆಲಸ ಬೊಮ್ಮಸಂದ್ರದ ಒಂದು ಕಾರ್ಖಾನೆಯ ಸ್ಟೋರ್ಸ್‌ನಲ್ಲಿ. ವರ್ಷಗಟ್ಟಲೆ ಬೈಕಿನಲ್ಲಿ, ಟ್ರಾಫಿಕ್ ಜಾಮ್‌ಗೇ ಹೆಸರಾದ ಸಿಲ್ಕ್ ಬೋರ್ಡ್ ಜಂಕ್ಷನ್ ದಾಟಿ ಓಡಾಡಿದೆ. ಮನೆಗೆ ಬಂದ ಕೂಡಲೇ ಚಪ್ಪಲಿ ಅಡ್ಡ ಬಿದ್ದಿದೆ, ಟಿವಿ ಸೌಂಡ್ ಜಾಸ್ತಿ, ಚಾರ್ಜರ್ ಯಾರು ತಗೊಂಡ್ರು ಅಂತ ಕೂಗಾಟ. ಯಾಕೆ ಅಂತ ಕೇಳಿದರೆ ‘ಆ ಟ್ರಾಫಿಕ್ಕಲ್ಲಿ ಒಂದು ದಿನ ನೀವೇ ಬಂದು ನೋಡಿ’ ಅನ್ನುತ್ತಿದ್ದೆ. ಅತ್ತೆ ಮೇಲಿನ ಕೋಪ ಕೊತ್ತಿ ಮೇಲೆ ಅಂತಾರಲ್ಲ, ಹಾಗೆ. 2025ರ ಆಗಸ್ಟ್‌ನಲ್ಲಿ ಆರ್.ವಿ. ರೋಡ್‌ನಿಂದ ಬೊಮ್ಮಸಂದ್ರಕ್ಕೆ ಮೆಟ್ರೊ ಹಳದಿ ಮಾರ್ಗ ಶುರುವಾಯಿತು. ಈಗ ಸಿಲ್ಕ್ ಬೋರ್ಡ್ ಜಾಮ್ ಅನ್ನು ಮೇಲಿನಿಂದ ನೋಡಿಕೊಂಡು ಬರುತ್ತೇನೆ. ಆದರೂ ಸಿಡುಕು ಹಾಗೇ ಉಳಿಯಿತು! ನನ್ನ ಹೆಂಡತಿ ಅದನ್ನು ಗಮನಿಸದೆ ಬಿಡುತ್ತಾಳೆಯೇ?

ಹಾಲಿನ ಲೆಕ್ಕ ಬರೆಯುವ ಕ್ಯಾಲೆಂಡರಿನಲ್ಲೇ ನಾನು ರೇಗಿದಾಗಲೆಲ್ಲ ಗಂಟೆ ಬರೆದಿಡಲು ಶುರುಮಾಡಿದಳು. ತಿಂಗಳ ಕೊನೆಗೆ ನೋಡಿದರೆ ಮುಕ್ಕಾಲು ಪಾಲು ಸಂಜೆ ಏಳರಿಂದ ಎಂಟೂವರೆ ಒಳಗೆ. ಚಪ್ಪಲಿ ಬೆಳಿಗ್ಗೆಯೂ ಅಲ್ಲೇ ಬಿದ್ದಿರುತ್ತದೆ, ಆಗ ನನಗೇನೂ ಅನ್ನಿಸುವುದಿಲ್ಲ. ಅಲ್ವಾ? ಆಮೇಲೆ ಯೋಚಿಸಿದೆ. ಮಧ್ಯಾಹ್ನ ಕ್ಯಾಂಟೀನಿನಲ್ಲಿ ಹನ್ನೆರಡೂವರೆಗೆ ಊಟ, ಮತ್ತೆ ರಾತ್ರಿ ಒಂಬತ್ತರವರೆಗೆ ಬರೀ ಕಾಫಿ. ತುಂಬಾ ಹೊತ್ತು ಹೊಟ್ಟೆ ಖಾಲಿ ಇದ್ದು ರಕ್ತದಲ್ಲಿ ಸಕ್ಕರೆ ಇಳಿದರೆ, ಅದನ್ನು ಏರಿಸಲು ದೇಹ ಅಡ್ರಿನಲಿನ್, ಕಾರ್ಟಿಸಾಲ್ ಅನ್ನುವ ಹಾರ್ಮೋನುಗಳನ್ನು ಬಿಡುತ್ತದೆ. ಹೆದರಿಕೆಯಾದಾಗ, ಸಿಟ್ಟು ಬಂದಾಗ ಬಿಡುವುದೂ ಅವನ್ನೇ. ಅಂದರೆ ಜಗಳಕ್ಕೆ ಮೈ ಮೊದಲೇ ರೆಡಿ ಇರುತ್ತದೆ, ಚಪ್ಪಲಿ ಸುಮ್ನೆ ಸಿಕ್ಕಿಹಾಕಿಕೊಳ್ಳುತ್ತದೆ.

ಇನ್ನು ನಿದ್ದೆ. ಸಂಜೆ ಆರಕ್ಕೆ ಕುಡಿದ ಫಿಲ್ಟರ್ ಕಾಫಿಯ ಕೆಫೀನ್‌ನಲ್ಲಿ ಹೆಚ್ಚುಕಮ್ಮಿ ಅರ್ಧ ರಾತ್ರಿ ಹನ್ನೊಂದಕ್ಕೂ ಮೈಯಲ್ಲೇ ಇರುತ್ತದಂತೆ. ಹೇಗೋ ಕಣ್ಣು ಮುಚ್ಚಿದರೆ ಎದುರಿನ ಅಪಾರ್ಟ್‌ಮೆಂಟಿಗೆ ಬಂದವರು ಗೇಟ್ ತೆಗೆಸಲು ಹಾರ್ನ್ ಒತ್ತುತ್ತಾರೆ, ವಾಚ್‌ಮನ್ ಒಬ್ಬನನ್ನು ಎಬ್ಬಿಸಲು ಇಡೀ ಬೀದಿಯನ್ನೇ ಎಬ್ಬಿಸಬೇಕಾ? ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ ಮನೆಗಳಿರುವ ಕಡೆ ಹಾರ್ನ್ ಹೊಡೆಯುವಂತಿಲ್ಲ ಅಂತ ಶಬ್ದಮಾಲಿನ್ಯ ನಿಯಮದಲ್ಲೇ ಇದೆ. ರಾತ್ರಿಯ ಮಿತಿ 45 ಡೆಸಿಬಲ್. ನನ್ನ ಸಿಡುಕಿಗೆಲ್ಲ ನಾನೇ ಕಾರಣ ಅಂತ ಒಪ್ಪಿಕೊಳ್ಳುವುದಿಲ್ಲ, ಅಷ್ಟು ದೊಡ್ಡ ಮನಸ್ಸು ನನಗಿಲ್ಲ.

ಈಗ ಸಂಜೆ ಕಾಫಿ ನಾಲ್ಕಕ್ಕೇ ಮುಗಿಸುತ್ತೇನೆ. ಮೆಟ್ರೊ ಇಳಿದ ಮೇಲೆ ಒಂದು ಬಾಳೆಹಣ್ಣು ತಿಂದೇ ಮನೆಗೆ ಹೋಗುತ್ತೇನೆ. ಬಾಗಿಲಲ್ಲೇ ‘ಇವತ್ತು ತಲೆ ಸರಿಯಿಲ್ಲ, ಹತ್ತು ನಿಮಿಷ ಬಿಡಿ’ ಅಂತ ಹೇಳಿಬಿಡುತ್ತೇನೆ. ಇದು ಮೊದಮೊದಲು ನಾಟಕದ ಡೈಲಾಗ್ ಥರ ಇತ್ತು, ಆದರೆ ಎಲ್ಲಕ್ಕಿಂತ ಜಾಸ್ತಿ ಕೆಲಸ ಮಾಡಿದ್ದು ಇದೇ. ಎಲ್ಲರಿಗೂ ಬಾಳೆಹಣ್ಣೇ ಮದ್ದು ಅಂತಲ್ಲ. ಥೈರಾಯ್ಡ್ ಜಾಸ್ತಿ ಕೆಲಸ ಮಾಡಿದರೂ ಸಿಡುಕು ಬರುತ್ತದೆ. ಖಿನ್ನತೆ ಅಂದರೆ ಅಳುವುದು, ಮಂಕಾಗಿ ಕೂರುವುದು ಅಂದುಕೊಂಡಿರುತ್ತೇವೆ, ಗಂಡಸರಲ್ಲಿ ಎಷ್ಟೋ ಸಲ ಅದು ರೇಗಾಟವಾಗಿ ಕಾಣಿಸಿಕೊಳ್ಳುತ್ತದೆ. ವಾರಗಟ್ಟಲೆ ಹೀಗೇ ಇದ್ದರೆ ಡಾಕ್ಟರ ಹತ್ತಿರ ಹೋಗಬೇಕು. ಮನಸ್ಸಿನ ತೊಂದರೆಗಳಿಗೆಂದೇ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 2022ರಿಂದ ಇದೆ. ನಂಬರ್ 14416, ಹಗಲು ರಾತ್ರಿ ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ. ರಸ್ತೆ ಜಗಳದ ಸುದ್ದಿಗಳ ಕೆಳಗೂ ಆ ನಂಬರ್ ಹಾಕಿ ಅನ್ನುವುದು ನಿಮ್ಮಲ್ಲಿ ನನ್ನ ಕೋರಿಕೆ.

ಮೊನ್ನೆ ಬಾಳೆಹಣ್ಣು ಮರೆತು ಬಂದು ರಿಮೋಟಿನ ವಿಷಯಕ್ಕೆ ಬಾಯಿ ತೆಗೆದಿದ್ದೆ. ಮಗಳು ಮಾತಾಡದೆ ಒಳಗಿಂದ ಒಂದು ಹಣ್ಣು ತಂದು ಕೈಗಿಟ್ಟಳು. ಸಿಟ್ಟು ಇನ್ನೂ ಜಾಸ್ತಿ ಆಯಿತು, ಸುಳ್ಳು ಯಾಕೆ ಹೇಳಲಿ. ಆದರೂ ತಿಂದೆ.

ಇಂತಿ,
ನಿಮ್ಮ ಓದುಗ
ಬನಶಂಕರಿ, ಬೆಂಗಳೂರು