ಪಿಎಂ10 ಲೆಕ್ಕಕ್ಕೆ ಬಾರದ ಧೂಳು ನಮ್ಮ ತೊಗರಿ ಮೇಲೆ

ಗೆ,
ಸ್ಥಾವರದ ಮುಖ್ಯಸ್ಥರು,
ಸಿಮೆಂಟ್ ಕಾರ್ಖಾನೆ, ಕಲಬುರಗಿ ಜಿಲ್ಲೆ

ವಿಷಯ: ಸಿಮೆಂಟ್ ಸುಡುವ ಗೂಡಿನ ಧೂಳಿನಿಂದ ತೊಗರಿಗೆ ಹಾನಿ, ನಿಮ್ಮ ಉತ್ತರಕ್ಕೆ ಆಕ್ಷೇಪ.

ಮಾನ್ಯರೇ,

ನಮ್ಮ ಮೊದಲ ದೂರಿಗೆ ನೀವು ಕೊಟ್ಟ ಉತ್ತರ ಒಂದೇ ಸಾಲು: ಗೇಟಿನ ಬಳಿಯ ಯಂತ್ರದಲ್ಲಿ ಪಿಎಂ10 (ಗಾಳಿಯಲ್ಲಿ ತೇಲುವ, 10 ಮೈಕ್ರಾನ್‌ವರೆಗಿನ ಸಣ್ಣ ಧೂಳು) ಪ್ರಮಾಣ 24 ಗಂಟೆಯ ಮಿತಿಯಾದ ಘನ ಮೀಟರ್‌ಗೆ 100 ಮೈಕ್ರೋಗ್ರಾಂ ದಾಟಿಲ್ಲ. ಇರಬಹುದು. ಆದರೆ ಎಲೆಯ ಮೇಲೆ ಬಿದ್ದು ಕೂರುವ ಧೂಳಿನ ತೂಕದಲ್ಲಿ ಹೆಚ್ಚಿನ ಪಾಲು 10 ಮೈಕ್ರಾನ್‌ಗಿಂತ ದಪ್ಪ. ಅದು ಆ ಯಂತ್ರದ ಲೆಕ್ಕಕ್ಕೇ ಬರುವುದಿಲ್ಲ. ಅದನ್ನು ಅಳೆಯಬೇಕಾದರೆ ಬಾಯಿ ತೆರೆದ ಜಾಡಿಯನ್ನು ಒಂದು ತಿಂಗಳು ಹೊಲದಲ್ಲಿಟ್ಟು, ಬಿದ್ದದ್ದನ್ನು ತೂಗಬೇಕು. ನೀವು ಒಂದು ಜಾಡಿಯನ್ನೂ ಇಟ್ಟಿಲ್ಲ.

ಅಕ್ಟೋಬರ್–ನವೆಂಬರ್‌ನಲ್ಲಿ ತೊಗರಿ ಹೂವಿಗೆ ಬರುತ್ತದೆ, ಇಬ್ಬನಿಯೂ ಆಗಲೇ ಶುರು. ಗೂಡಿನ ಧೂಳಿನಲ್ಲಿರುವ ಸುಟ್ಟ ಸುಣ್ಣ ಇಬ್ಬನಿ ಕುಡಿದು ಬಿಸಿಲಿಗೆ ಒಣಗಿ ಎಲೆಗೆ ಕಚ್ಚಿಕೊಳ್ಳುತ್ತದೆ. ರಸ್ತೆಯ ಮಣ್ಣಾದರೆ ಒಂದು ಮಳೆಗೆ ಹೋಗುತ್ತದೆ. ಇದನ್ನು ಉಗುರಿನಿಂದ ಕೆರೆದರೆ ಬಿಳಿ ಹಕ್ಕಳೆಯ ಜೊತೆ ಎಲೆಯ ಸಿಪ್ಪೆಯೂ ಏಳುತ್ತದೆ. ಎಲೆ ಉಸಿರಾಡುವ ಪತ್ರರಂಧ್ರ ಮುಚ್ಚಿ, ಬೆಳಕು ಸಿಗದೆ, ಕಾಯಿಗೆ ಆಹಾರ ಸಾಲುವುದಿಲ್ಲ. ಕಾಯಿಕೊರಕಕ್ಕೆ ಹೊಡೆದ ಔಷಧಿಯೂ ಹಕ್ಕಳೆಯ ಮೇಲೇ ನಿಲ್ಲುತ್ತದೆ. ಮೊದಲೇ ಸುಣ್ಣದಂಶ ಹೆಚ್ಚಿರುವ ನಮ್ಮ ಕರಿಮಣ್ಣಿಗೆ ಇನ್ನಷ್ಟು ಕ್ಷಾರ ಸೇರಿದರೆ ಸತು, ಕಬ್ಬಿಣ ಬೇರಿಗೆ ಸಿಗುವುದಿಲ್ಲ.

ತೊಗರಿಯಲ್ಲಿ ಹೂ ಬಹುಪಾಲು ಉದುರುವುದು ಸಹಜ ಎಂದು ನಿಮ್ಮ ಅಧಿಕಾರಿ ಹೇಳಿದರು. ಅದು ನಮಗೂ ಗೊತ್ತು, ಸ್ವಾಮಿ. ಆದ್ದರಿಂದ ಉದುರಿದ ಹೂ ಬೇಡ, ನಿಂತ ಕಾಯಿ ಎಣಿಸಿ. ಒಂದೇ ತಳಿ, ಒಂದೇ ವಾರ ಬಿತ್ತಿದ ಹೊಲಗಳಲ್ಲಿ, ಮೂಡಣ ಗಾಳಿಗೆ ಧೂಳು ಬೀಳುವ ಪಡುವಣ ದಿಕ್ಕಿನ ಗಿಡಗಳನ್ನೂ ಕಾರ್ಖಾನೆಯಿಂದ ದೂರದ ಗಿಡಗಳನ್ನೂ ತೆಗೆದುಕೊಂಡು ಗಿಡಕ್ಕೆಷ್ಟು ಕಾಯಿ, ನೂರು ಕಾಳಿನ ತೂಕವೆಷ್ಟು ನೋಡಿ. ಸೊರಗಿ ಒಣಗುವ ನೆಟೆ ರೋಗದ ಗಿಡ ಬಿಟ್ಟುಬಿಡಿ. ಅದರ ಕಾಂಡ ಸೀಳಿದರೆ ಒಳಗೆ ಕಪ್ಪು ಗೆರೆ ಇರುತ್ತದೆ.

ಧೂಳು ಹೆಚ್ಚು ಬರುವುದು ಎಲ್ಲಿಂದ ಎಂಬುದೂ ಗುಟ್ಟೇನಲ್ಲ. ಗೂಡಿನಲ್ಲಿ ಕಾರ್ಬನ್ ಮಾನಾಕ್ಸೈಡ್ ಏರಿದರೆ ಸ್ಫೋಟವಾಗದಿರಲೆಂದು ಇಎಸ್‌ಪಿ (ವಿದ್ಯುತ್ತಿನಿಂದ ಹೊಗೆಯ ಧೂಳು ಹಿಡಿಯುವ ಯಂತ್ರ) ಟ್ರಿಪ್ ಆಗುತ್ತದೆ, ಅಂದರೆ ತಾನೇ ನಿಂತುಹೋಗುತ್ತದೆ. ಆ ನಿಮಿಷಗಳಲ್ಲಿ ಚಿಮಣಿಯಿಂದ ಬಂದದ್ದು ದಿನದ ಸರಾಸರಿಯಲ್ಲಿ ಅಡಗಿಹೋಗುತ್ತದೆ. ಹಾಗಾಗಿ ಅಕ್ಟೋಬರ್‌ನಿಂದ ಇಲ್ಲಿಯವರೆಗಿನ ಟ್ರಿಪ್ ದಾಖಲೆ ಮತ್ತು ಚಿಮಣಿಯ ಆನ್‌ಲೈನ್ ಮಾಪನದ ನಿಮಿಷವಾರು ಅಂಕಿಗಳನ್ನು ಕೊಡಿ. ಬಯಲಲ್ಲಿ ರಾಶಿ ಹಾಕಿದ ಕ್ಲಿಂಕರ್‌ಗೆ (ಗೂಡಿನಿಂದ ಬರುವ, ಇನ್ನೂ ಪುಡಿ ಮಾಡದ ಸಿಮೆಂಟ್ ಗಟ್ಟಿ) ಶೆಡ್ ಕಟ್ಟಿಸಿ, ಹರಿದ ಫಿಲ್ಟರ್ ಚೀಲಗಳನ್ನು ಬದಲಿಸಿ.

ಕೊಯ್ಲಾದರೆ ಸಾಕ್ಷಿಯೇ ಇರುವುದಿಲ್ಲ. ಪತ್ರ ತಲುಪಿದ 7 ದಿನದೊಳಗೆ ಕೃಷಿ ಇಲಾಖೆ ಮತ್ತು ಕೃಷಿ ವಿಜ್ಞಾನ ಕೇಂದ್ರದವರನ್ನು ಕರೆಸಿ ಜಂಟಿ ಸಮೀಕ್ಷೆ ಮಾಡಿಸಿ, ಅದರ ಮೇಲೆ ಪರಿಹಾರ ನಿಗದಿಪಡಿಸಿ. ಇಲ್ಲವಾದರೆ ಇದೇ ಪತ್ರ ಎಲೆಗಳ ಮಾದರಿ ಸಮೇತ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಗೆ ಹೋಗುತ್ತದೆ.

ಇಂತಿ,
ಕಾರ್ಖಾನೆ ಸುತ್ತಲಿನ ತೊಗರಿ ಬೆಳೆಗಾರರು