ಮಗಳ ತಟ್ಟೆಯನ್ನು ಬೇರೆ ಇಡದವರಿಗೆ

ಈ ಜೂನ್ ತಿಂಗಳಲ್ಲಿ ನಮ್ಮ ಮಗಳು ಗದಗಿನ ನಮ್ಮ ಓಣಿಯ ಸರ್ಕಾರಿ ಕನ್ನಡ ಶಾಲೆಯಲ್ಲಿ ನಾಲ್ಕನೆಯ ತರಗತಿಗೆ ಸೇರಿದಳು. ಐದು ವರ್ಷದವಳಿದ್ದಾಗ ಕಾಯಿಲೆಯ ಕಾರಣದಿಂದ ಶಿಶುವಿಹಾರ ಬಿಡಿಸಿ, ಅಂದಿನಿಂದ ಮನೆಯಲ್ಲೇ ಓದು ಬರಹ ಕಲಿಸುತ್ತ ಬಂದ ನಮಗೆ, ಅವಳು ಓರಗೆಯ ಮಕ್ಕಳೊಂದಿಗೆ ಚೀಲ ಹೆಗಲಿಗೇರಿಸಿ ಹೋಗುವುದನ್ನು ನೋಡುವುದೇ ಹಬ್ಬವಾಗಿದೆ. ಶಾಲೆ ಸೇರುವ ಮೊದಲು ಮಾಡಿಸಿದ ರಕ್ತಪರೀಕ್ಷೆಯ ವರದಿ ನೋಡಿದ ವೈದ್ಯರು, ಮಗು ಚೆನ್ನಾಗಿ ಚೇತರಿಸಿಕೊಂಡಿದೆ, ಇನ್ನು ವರ್ಷಕ್ಕೊಮ್ಮೆ ಬಂದರೆ ಸಾಕು ಎಂದು ಹೇಳಿದ್ದಾರೆ. ಇಲ್ಲಿಯವರೆಗೆ ನಮ್ಮ ಕೈ ಹಿಡಿದು ನಡೆಸಿದವರು ಹಲವರು. ಅವರವರ ಮನೆಗೆ ಹೋಗಿ ಕೈಮುಗಿದು ಬಂದಿದ್ದೇವೆ, ಆದರೂ ನಾಲ್ಕು ಜನರ ಎದುರು ಹೇಳಬೇಕಾದ ಮಾತು ಉಳಿದೇ ಇದೆ ಎನಿಸಿದ್ದರಿಂದ ಇದನ್ನು ಬರೆಯುತ್ತಿದ್ದೇನೆ. ಹೆಸರು ಹಾಕುವುದು ಬೇಡವೆಂದು ಅವರಲ್ಲಿ ಹೆಚ್ಚಿನವರು ಕೇಳಿಕೊಂಡಿರುವುದರಿಂದ ಯಾರ ಹೆಸರನ್ನೂ ಬರೆದಿಲ್ಲ.

ಮಗಳಿಗಿರುವುದು ಸೀಲಿಯಾಕ್ ಕಾಯಿಲೆ. ಗೋಧಿ, ಬಾರ್ಲಿ ಮತ್ತು ರೈ ಧಾನ್ಯಗಳಲ್ಲಿರುವ ಗ್ಲುಟೆನ್ ಎಂಬ ಪ್ರೋಟೀನು ಹೊಟ್ಟೆಗೆ ಹೋದಾಗ ದೇಹದ ರೋಗನಿರೋಧಕ ವ್ಯವಸ್ಥೆಯೇ ಸಣ್ಣ ಕರುಳಿನ ಒಳಪದರದ ಮೇಲೆ ತಿರುಗಿಬೀಳುತ್ತದೆ; ಆ ಪದರ ಸವೆಯುತ್ತ ಹೋದಂತೆ ತಿಂದ ಆಹಾರದ ಸತ್ವ ಮೈಗೆ ಹತ್ತುವುದಿಲ್ಲ. ಮಗು ಹೊಟ್ಟೆ ತುಂಬ ಉಂಡರೂ ಸೊರಗುತ್ತಿತ್ತು, ಹೊಟ್ಟೆ ಉಬ್ಬರಿಸುತ್ತಿತ್ತು, ಮೇಲಿಂದ ಮೇಲೆ ಭೇದಿಯಾಗುತ್ತಿತ್ತು, ರಕ್ತದ ಕೊರತೆಯಿಂದ ಮುಖ ಬಿಳಿಚಿಕೊಂಡಿತ್ತು. ಜಂತುಹುಳುವಿನ ಔಷಧ, ಕಬ್ಬಿಣಾಂಶದ ಟಾನಿಕ್ಕುಗಳೆಲ್ಲ ಮುಗಿದ ಮೇಲೆ ಹುಬ್ಬಳ್ಳಿಯ ಮಕ್ಕಳ ವೈದ್ಯೆಯೊಬ್ಬರು ಸಂಶಯಪಟ್ಟು, ಈ ಕಾಯಿಲೆಯ ಸುಳಿವು ಕೊಡುವ ಟಿಟಿಜಿ ಎಂಬ ರಕ್ತಪರೀಕ್ಷೆ ಬರೆದುಕೊಟ್ಟರು, ಬಳಿಕ ಎಂಡೋಸ್ಕೋಪಿಯಲ್ಲಿ ಅದು ಖಚಿತವಾಯಿತು. ಇದನ್ನು ವಾಸಿಮಾಡುವ ಮಾತ್ರೆಯಿಲ್ಲ, ಗ್ಲುಟೆನ್ ಇರುವುದನ್ನು ಜೀವನಪೂರ್ತಿ ಬಿಡುವುದೇ ಚಿಕಿತ್ಸೆ ಎಂದು ಕೇಳಿ ನಾನು ಕಂಗೆಟ್ಟು ಕುಳಿತಾಗ, ಹೊರಗೆ ಅಷ್ಟೊಂದು ಜನ ಕಾಯುತ್ತಿದ್ದರೂ ಆ ವೈದ್ಯೆ ನನಗೊಂದು ಕಥೆ ಹೇಳಿದರು. ಎರಡನೆಯ ಮಹಾಯುದ್ಧದ ಕೊನೆಯಲ್ಲಿ, 1944-45ರ ಚಳಿಗಾಲದಲ್ಲಿ ನೆದರ್ಲೆಂಡ್ಸ್ ದೇಶದಲ್ಲಿ ಬರಗಾಲ ಬಿದ್ದು ಬ್ರೆಡ್ಡಿಗೂ ಗತಿಯಿಲ್ಲದಾಗ ಇಂಥ ಮಕ್ಕಳು ಚೇತರಿಸಿಕೊಂಡದ್ದನ್ನೂ, ಬ್ರೆಡ್ಡು ಮತ್ತೆ ಬಂದಾಗ ಅವರು ಮತ್ತೆ ಕಾಯಿಲೆ ಬಿದ್ದದ್ದನ್ನೂ ಅಲ್ಲಿನ ಮಕ್ಕಳ ವೈದ್ಯ ವಿಲ್ಲೆಮ್ ಡಿಕೆ ಗಮನಿಸಿದರು. ಕಾಯಿಲೆಯ ಮೂಲ ಗೋಧಿಯಲ್ಲಿದೆ ಎಂದು ತೋರಿಸಿಕೊಟ್ಟವರು ಅವರೇ. ಇಷ್ಟು ಹೇಳಿ, "ನೀವು ಜೋಳದ ನಾಡಿನವರು, ನಿಮ್ಮ ಮಗುವಿಗೆ ಬೇಕಾದ ರೊಟ್ಟಿ ನಿಮ್ಮ ಮನೆಯಲ್ಲೇ ಇದೆ" ಎಂದರು. ಆ ಒಂದು ಮಾತಿನಿಂದ ನನಗೆ ಬಂದ ಧೈರ್ಯಕ್ಕೆ ನಾನು ಅವರಿಗೆ ಎಂದೆಂದಿಗೂ ಋಣಿ.

ಜೋಳ, ಸಜ್ಜೆ, ನವಣೆ, ಅಕ್ಕಿ, ಬೇಳೆಕಾಳು, ಶೇಂಗಾ ಯಾವುದರಲ್ಲೂ ಗ್ಲುಟೆನ್ ಇಲ್ಲ. ನಮ್ಮ ಕಡೆಯ ದಿನದ ಊಟವೆಂದರೆ ರೊಟ್ಟಿ, ಕಾಳಿನ ಪಲ್ಯ, ಪುಂಡಿಪಲ್ಯ, ಜುಣಕ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ, ಅನ್ನ ಸಾರು, ಮೊಸರು. ಅದರಲ್ಲಿ ಮಗುವಿಗೆ ಆಗದ್ದು ಏನೂ ಇಲ್ಲ ಎಂದೇ ತೋರುತ್ತದೆ. ಆದರೆ ತೊಡಕು ಇದ್ದದ್ದು ಜೋಳದಲ್ಲಲ್ಲ, ಜೋಳ ಬೀಸುವ ಗಿರಣಿಯಲ್ಲಿ. ಒಂದು ಕಿಲೋ ಆಹಾರದಲ್ಲಿ 20 ಮಿಲಿಗ್ರಾಂ ಮೀರಿ ಗ್ಲುಟೆನ್ ಇದ್ದರೆ ಅದನ್ನು ಗ್ಲುಟೆನ್ ರಹಿತವೆಂದು ಮಾರುವಂತಿಲ್ಲ ಎಂಬುದು ನಮ್ಮ ದೇಶದ ಆಹಾರ ಸುರಕ್ಷತಾ ಪ್ರಾಧಿಕಾರದ ನಿಯಮ. ಅಷ್ಟು ಸೂಕ್ಷ್ಮವಾದ ಅಳತೆಯ ಮುಂದೆ, ಬೆಳಗಿನಿಂದ ಸಂಜೆಯವರೆಗೆ ಗೋಧಿ ಬೀಸುವ ಗಿರಣಿಯ ಗೋಡೆ, ಡಬ್ಬಿ, ಪೊರಕೆ, ಬೀಸುವವರ ಅಂಗಿಯ ಮೇಲೆಲ್ಲ ಕೂತಿರುವ ಹಿಟ್ಟಿನ ಧೂಳನ್ನು ನೆನೆದರೆ ಎದೆ ಝಲ್ಲೆನ್ನುತ್ತಿತ್ತು.

ನಮ್ಮ ಓಣಿಯ ಗಿರಣಿಯ ಕಾಕಾ ಅವರಿಗೆ ಇದನ್ನು ಹೇಗೆ ಹೇಳುವುದೆಂದು ಹಿಂಜರಿಯುತ್ತಲೇ ಹೋಗಿದ್ದೆ. ಅವರು ಪೂರ್ತಿ ಕೇಳಿಸಿಕೊಂಡು, "ತಾಯಿ, ನಸುಕಿನ್ಯಾಗ ಬರ್ರಿ, ಗಿರಣಿ ತೆಗದ ಕೂಡಲೆ ಮೊದಲ ಕೂಸಿನ ಜ್ವಾಳಾ ಬೀಸಿ ಕೊಡ್ತೀನಿ" ಎಂದರು. ಅವರಲ್ಲಿ ಜೋಳಕ್ಕೂ ಗೋಧಿಗೂ ಕಲ್ಲು ಬೇರೆ ಬೇರೆಯೇ ಇತ್ತು, ಆದರೂ ಅವರು ಅಷ್ಟಕ್ಕೇ ಬಿಡಲಿಲ್ಲ. ಹಿಂದಿನ ರಾತ್ರಿಯೇ ಗಿರಣಿಯನ್ನೆಲ್ಲ ಗುಡಿಸಿ ಒರೆಸುತ್ತಾರೆ, ಬೆಳಿಗ್ಗೆ ತಮ್ಮ ಮನೆಯ ಜೋಳವನ್ನು ಒಂದಿಷ್ಟು ಹಾಕಿ ಬೀಸಿ ಕಲ್ಲು ಶುದ್ಧವಾಯಿತೆಂದು ನೋಡುತ್ತಾರೆ, ಆ ಮೊದಲ ಹಿಟ್ಟನ್ನು ತಮ್ಮ ಮನೆಗೆ ಇಟ್ಟುಕೊಂಡು ಅನಂತರವೇ ನಮ್ಮ ಡಬ್ಬಿಯನ್ನು ಕೆಳಗಿಡುತ್ತಾರೆ. ಜೋಳದ ಹಿಟ್ಟು ಹಳತಾದರೆ ಜಿಗುಟು ಹೋಗಿ ರೊಟ್ಟಿ ಬಡಿಯಲು ಬರುವುದಿಲ್ಲವಾದ್ದರಿಂದ ತಿಂಗಳಿಗಾಗುವಷ್ಟು ಒಮ್ಮೆಲೇ ಬೀಸಿಸಿಡುವಂತೆಯೂ ಇರಲಿಲ್ಲ. ವಾರ ವಾರವೂ ಅವರು ಹೀಗೇ ಮಾಡಿದರು, ಇಂದಿಗೂ ಮಾಡುತ್ತಿದ್ದಾರೆ. ಬೀಸುವ ಕೂಲಿಯ ಮೇಲೆ ಒಂದು ರೂಪಾಯಿಯನ್ನೂ ಹೆಚ್ಚಿಗೆ ಮುಟ್ಟಲಿಲ್ಲ. ಮಗಳು ಕೂಡುವ, ಗುಣಿಸುವ ಲೆಕ್ಕವನ್ನು ಕಲಿತದ್ದು ಕೂಡ ಅವರ ತಕ್ಕಡಿಯ ಮುಂದೆಯೇ. ಡಬ್ಬಿಯ ತೂಕ ಕಳೆದು ಜೋಳದ ತೂಕ ಹೇಳು, ಕಿಲೋಗೆ ಇಷ್ಟಾದರೆ ಒಟ್ಟು ಕೂಲಿ ಎಷ್ಟೆಂದು ಹೇಳು ಎಂದು ಕೇಳಿ, ಅವಳು ಸರಿಯಾದ ಉತ್ತರ ಕೊಡುವವರೆಗೂ ಹಣ ತೆಗೆದುಕೊಳ್ಳದೆ ಕಾಯುತ್ತಿದ್ದರು.

ಮನೆಯೊಳಗಿನ ದೊಡ್ಡ ಋಣ ನಮ್ಮ ಅತ್ತೆಯವರದು. ಮಗುವಿಗೆ ಬೇರೆ ಒಲೆ, ಬೇರೆ ಪಾತ್ರೆ, ಬೇರೆ ಅಡುಗೆ ಮಾಡಿದರಾಯಿತು ಎಂದು ಬಂಧುಗಳು ಸಲಹೆ ಕೊಟ್ಟಾಗ ಅವರು ಒಪ್ಪಲಿಲ್ಲ. ಕೂಸಿಗೆ ಬಾರದ್ದು ಈ ಮನೆಗೂ ಬರುವುದಿಲ್ಲ ಎಂದು ಹೇಳಿ, ಚಪಾತಿ ಹಿಟ್ಟು, ರವೆ, ತಾವೇ ಹೊಸೆದು ಒಣಗಿಸಿಟ್ಟಿದ್ದ ಶಾವಿಗೆ ಎಲ್ಲವನ್ನೂ ಅಂದೇ ನೆರೆಮನೆಗೆ ಕೊಟ್ಟರು. ಜವೆ ಗೋಧಿಯ ಹುಗ್ಗಿ ಎಂದರೆ ಅವರಿಗೆ ಪ್ರಾಣ. ಜವೆ ಗೋಧಿ ಹಳೆಯ ತಳಿ, ಅದು ಮೈಗೆ ಹಿತ, ಅದನ್ನಾದರೂ ಕೊಡಬಹುದು ಎಂದು ಹೇಳುವವರು ನಮ್ಮ ಕಡೆ ಬಹಳ ಜನರಿದ್ದಾರೆ. ಆದರೆ ಅದೂ ಗೋಧಿಯೇ, ಅದರಲ್ಲೂ ಗ್ಲುಟೆನ್ ಇದೆ ಎಂದು ವೈದ್ಯೆ ಹೇಳಿದ ಮೇಲೆ ಅತ್ತೆ ಅದನ್ನು ಮತ್ತೆ ಕೇಳಲಿಲ್ಲ. ಅಂಗಡಿಯ ಇಂಗಿನ ಪುಡಿಗಳಲ್ಲಿ ಹಲವಕ್ಕೆ ಗೋಧಿ ಹಿಟ್ಟೋ ಮೈದಾವೋ ಬೆರೆತಿರುತ್ತದೆಂದು ತಿಳಿದಾಗ ಒಗ್ಗರಣೆಗೆ ಇಂಗು ಹಾಕುವುದನ್ನೂ ಬಿಟ್ಟು ಬೆಳ್ಳುಳ್ಳಿಗೆ ಬಂದರು. ಹೋಳಿಗೆಯ ದಿನ ಮೈದಾ ಕಣಕದ ಬದಲು ಅಕ್ಕಿ ಹಿಟ್ಟಿನ ಕಣಕದಲ್ಲಿ ಹೂರಣ ತುಂಬಿ ಕಡುಬು ಮಾಡಿ ಎಲ್ಲರಿಗೂ ಅದನ್ನೇ ಬಡಿಸಿದರು. ಎಪ್ಪತ್ತು ದಾಟಿದ ಹಿರಿಯರು ಒಂದು ಜೀವಮಾನದ ರುಚಿಯನ್ನು ಮೊಮ್ಮಗಳಿಗಾಗಿ ಹೀಗೆ ಬದಲಿಸಿಕೊಂಡದ್ದನ್ನು ದಿನವೂ ಕಣ್ಣಾರೆ ಕಂಡ ನನಗೆ, ಅವರ ಬಗ್ಗೆ ಎಷ್ಟು ಬರೆದರೂ ಕಡಿಮೆಯೇ ಅನಿಸುತ್ತದೆ.

ಮಗಳ ಮೊದಲ ವಿಜ್ಞಾನದ ಪಾಠವೂ ಅತ್ತೆಯವರ ಕೈಯಲ್ಲೇ ನಡೆಯಿತು. ಜೋಳದ ಹಿಟ್ಟಿಗೆ ಬಿಸಿನೀರನ್ನೇ ಏಕೆ ಹಾಕಬೇಕು ಎಂದು ಅವಳು ಕೇಳಿದಾಗ ಅತ್ತೆ ಉತ್ತರ ಹೇಳದೆ ಹಿಟ್ಟನ್ನು ಎರಡು ಪಾಲು ಮಾಡಿ ಅವಳ ಮುಂದಿಟ್ಟರು. ಒಂದಕ್ಕೆ ತಣ್ಣೀರು ಹಾಕಿ ಕಲಸಿದರು. ಇನ್ನೊಂದರ ನಡುವೆ ಕುಣಿ ಮಾಡಿ, ಕುದಿಯುವ ಎಸರನ್ನು ಸುರಿದು, ಸೌಟಿನಿಂದ ಕೂಡಿಸಿ, ಕೈ ತಾಳುವಷ್ಟು ಆರಿದ ಮೇಲೆ ನಾದಿದರು. ತಣ್ಣೀರಿನ ಮುದ್ದೆ ಬಡಿಯುತ್ತಿದ್ದಂತೆ ಅಂಚಿನಲ್ಲಿ ಸೀಳುಬಿಟ್ಟು ಹಂಚಿಗೆ ಎತ್ತುವಾಗ ಮುರಿದುಬಿತ್ತು. ಎಸರಿನ ಮುದ್ದೆ ಅಂಗೈ ಕೆಳಗೆ ದುಂಡಗೆ ತಿರುಗುತ್ತ ಅಗಲವಾಗಿ, ಹಂಚಿನ ಮೇಲೆ ಒದ್ದೆ ಬಟ್ಟೆಯಿಂದ ನೀರು ಸವರಿಸಿಕೊಂಡು, ಮಗುಚಿದ ಮೇಲೆ ಉಬ್ಬಿ ಬಂದಿತು. ಗೋಧಿಯ ಹಿಟ್ಟನ್ನು ಎಳೆದಂತೆ ಬರುವ ಹಾಗೆ ಮಾಡುವುದು ಅದರ ಗ್ಲುಟೆನ್, ಜೋಳದಲ್ಲಿ ಅದಿಲ್ಲ. ಕುದಿನೀರು ಬಿದ್ದಾಗ ಜೋಳದ ಪಿಷ್ಟ ಗಂಜಿಯಂತಾಗಿ ಹಿಟ್ಟನ್ನು ಹಿಡಿದಿಡುತ್ತದೆ ಎಂದು ನಾನು ಆ ಮೇಲೆ ವಿವರಿಸಿದೆ. ತನ್ನ ಕಾಯಿಲೆ ಏನೆಂಬುದು ಅವಳಿಗೆ ಭಯವಿಲ್ಲದೆ ಅರ್ಥವಾದದ್ದು ಆ ದಿನ ಎಂದು ನಾನು ನಂಬಿದ್ದೇನೆ.

ಶಿಶುವಿಹಾರದವರು, ಊಟದ ಹೊತ್ತಿನಲ್ಲಿ ಮಕ್ಕಳು ತಿಂಡಿ ಹಂಚಿಕೊಳ್ಳುವುದನ್ನು ತಡೆಯಲು ತಮ್ಮಿಂದ ಆಗದು ಎಂದು ಹೇಳಿದಾಗ ನಮ್ಮ ಮುಂದೆ ಬೇರೆ ದಾರಿ ಇರಲಿಲ್ಲ. ಆಗ ನೆರವಿಗೆ ಬಂದವರು ಬೆಟಗೇರಿಯಲ್ಲಿರುವ ನಿವೃತ್ತ ಅಕ್ಕೋರು. ಪ್ರಾಥಮಿಕ ಶಾಲೆಯಲ್ಲಿ ಜೀವನವನ್ನೇ ಕಳೆದ ಅವರು ವಾರದಲ್ಲಿ ಮೂರು ದಿನ ನಮ್ಮ ಮನೆಗೆ ಬಂದು ಮಗಳಿಗೆ ಕಾಗುಣಿತ, ಒತ್ತಕ್ಷರ, ಮಗ್ಗಿ ಕಲಿಸಿದರು, ನನಗೆ ಕಲಿಸುವುದನ್ನು ಕಲಿಸಿದರು. ಪಠ್ಯಪುಸ್ತಕ ಹಿಡಿಯುವ ಮೊದಲೇ ಕಿರಾಣಿ ಪೊಟ್ಟಣಗಳ ಮೇಲಿನ ಸಣ್ಣ ಅಕ್ಷರ ಓದಿಸುತ್ತಿದ್ದರು. ಗೋಧಿ, ಮೈದಾ, ರವೆ, ಬಾರ್ಲಿ ಎಂಬ ಪದಗಳನ್ನು ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಗುರುತಿಸಲು ಮಗಳು ಕಲಿತದ್ದು ಹಾಗೆ. ಇಂದು ಬಿಸ್ಕತ್ತಿನ ಪೊಟ್ಟಣ ಕೊಟ್ಟರೆ ಅವಳು ಮೊದಲು ತಿರುಗಿಸಿ ಹಿಂಬದಿಯನ್ನು ಓದುತ್ತಾಳೆ. ಹನ್ನೆರಡು ಕಿಲೋಮೀಟರ್ ದೂರದ ಲಕ್ಕುಂಡಿಗೆ ಬಸ್ಸಿನಲ್ಲಿ ಕರೆದುಕೊಂಡು ಹೋಗಿ, ಹನ್ನೊಂದನೆಯ ಶತಮಾನದ ಆರಂಭದಲ್ಲಿ ಅತ್ತಿಮಬ್ಬೆ ಕಟ್ಟಿಸಿದ ಬ್ರಹ್ಮ ಜಿನಾಲಯವನ್ನೂ ಮೆಟ್ಟಿಲುಬಾವಿಯನ್ನೂ ತೋರಿಸಿ ಇತಿಹಾಸ ಹೇಳಿದರು. ಆ ದಿನ ಅವರು ಕಟ್ಟಿಕೊಂಡು ಬಂದದ್ದು ಕೂಡ ಜೋಳದ ರೊಟ್ಟಿ, ಮಡಿಕೆಕಾಳು ಪಲ್ಯವೇ. ಮರದ ನೆರಳಲ್ಲಿ ಕೂತು ಇಬ್ಬರೂ ಒಂದೇ ಬುತ್ತಿಯಿಂದ ಉಂಡರಂತೆ. ಮಗಳು ಮನೆಗೆ ಬಂದು ಮೊದಲು ಹೇಳಿದ್ದು ಗುಡಿಯ ವಿಷಯವನ್ನಲ್ಲ, ಈ ವಿಷಯವನ್ನು.

ಬಂಧುಬಳಗದವರನ್ನೂ ನೆನೆಯಬೇಕು. ಹಾವೇರಿಯ ನನ್ನ ತವರಿನಲ್ಲಿ ಅಣ್ಣನ ಮಗಳ ಮದುವೆಯ ಊಟಕ್ಕೆ ಅತ್ತಿಗೆ ಗೋಧಿ ಹುಗ್ಗಿಯ ಬದಲು ನವಣೆಯ ಪಾಯಸ ಮಾಡಿಸಿದರು, ಹಪ್ಪಳ ಸಂಡಿಗೆ ಕರಿಯುವ ಎಣ್ಣೆಯನ್ನು ಬೇರೆ ತೆಗೆದಿರಿಸಿದರು. ಮಗು ಪಂಕ್ತಿಯಲ್ಲಿ ಎಲ್ಲರ ಜೊತೆ ಕೂತು ಬಡಿಸಿದ್ದನ್ನೆಲ್ಲ ಉಂಡಿತು. ಅದು ಎಷ್ಟು ದೊಡ್ಡದೆಂಬುದು ಇಂಥ ಮಗುವನ್ನು ಬೆಳೆಸುವ ತಾಯಿಗೇ ಗೊತ್ತು.

ಶಾಲೆಗೆ ಸೇರಿಸಲು ಹೋದಾಗ ನಮ್ಮ ಬಳಿ ವರ್ಗಾವಣೆ ಪತ್ರವಾಗಲಿ ಹಿಂದಿನ ತರಗತಿಗಳ ಅಂಕಪಟ್ಟಿಯಾಗಲಿ ಇರಲಿಲ್ಲ. ಒಂದನೆಯ ತರಗತಿಗೆ ಕೂಡಿಸುತ್ತಾರೇನೋ ಎಂದು ಹೆದರಿದ್ದೆವು. ಮುಖ್ಯೋಪಾಧ್ಯಾಯಿನಿಯವರು, 2009ರ ಶಿಕ್ಷಣ ಹಕ್ಕು ಕಾಯ್ದೆಯ ನಾಲ್ಕನೆಯ ಕಲಮಿನ ಪ್ರಕಾರ ಆರು ವರ್ಷ ದಾಟಿಯೂ ಶಾಲೆಗೆ ಸೇರದ ಮಗುವನ್ನು ಅದರ ವಯಸ್ಸಿಗೆ ತಕ್ಕ ತರಗತಿಗೇ ಸೇರಿಸಿಕೊಳ್ಳಬೇಕು, ಹಿಂದುಳಿದಿದ್ದರೆ ವಿಶೇಷ ತರಬೇತಿ ಕೊಡಬೇಕು ಎಂದು ತಾವಾಗಿಯೇ ತಿಳಿಸಿ ಅರ್ಜಿ ತುಂಬಿಸಿಕೊಂಡರು. ಬಿಸಿಯೂಟದ ಅಡುಗೆಯ ತಾಯಂದಿರನ್ನು ಕರೆಸಿ ಯಾವ ದಿನ ಏನು ಮಾಡುತ್ತಾರೆ, ಅದರಲ್ಲಿ ಏನೇನು ಬೀಳುತ್ತದೆ ಎಂದು ನನ್ನೆದುರೇ ಕೇಳಿದರು. ಮಗಳು ಮನೆಯಿಂದ ಬುತ್ತಿ ಒಯ್ಯುವುದೆಂದು ತೀರ್ಮಾನವಾಯಿತು, ಆದರೆ ಎಲ್ಲರೊಡನೆ ಅದೇ ಸಾಲಿನಲ್ಲಿ ಕೂತು ಉಣ್ಣಬೇಕು ಎಂದು ಅವರು ಹೇಳಿದರು. ಅವಳ ತರಗತಿಯ ಮಕ್ಕಳ ತಾಯಂದಿರು ಹುಟ್ಟುಹಬ್ಬಕ್ಕೆ ಕೇಕಿನ ಬದಲು ಶೇಂಗಾ ಉಂಡೆ, ಚುರುಮುರಿ ಕಳಿಸುತ್ತಿದ್ದಾರೆ. ನಾನು ಯಾರಿಗೂ ಹೇಳಿಕೊಂಡಿರಲಿಲ್ಲ. ಮಕ್ಕಳೇ ಮನೆಯಲ್ಲಿ ಹೇಳಿದ್ದಂತೆ.

ನಮ್ಮ ಮನೆಯವರು ಈ ಎಲ್ಲ ವರ್ಷಗಳಲ್ಲಿ ನೌಕರಿಯಿಂದ ದಣಿದು ಬಂದರೂ ರಾತ್ರಿ ಮಗಳಿಗೆ ಓದಿ ಹೇಳುವುದನ್ನು ತಪ್ಪಿಸಲಿಲ್ಲ. ಅವರಿಗೆ ಕೃತಜ್ಞತೆ ಹೇಳಿದರೆ ಅವರು ಒಪ್ಪುವುದಿಲ್ಲ, ಆದರೂ ಇಲ್ಲಿ ಬರೆದಿಟ್ಟಿದ್ದೇನೆ.

ಇದನ್ನು ಓದುವ ತಂದೆ ತಾಯಿಯರಿಗೆ ಒಂದು ಮಾತು ಹೇಳಲೇಬೇಕು. ಮಗು ಉಂಡರೂ ಬೆಳೆಯುತ್ತಿಲ್ಲ, ರಕ್ತದ ಕೊರತೆ ಟಾನಿಕ್ಕಿಗೆ ಸರಿಹೋಗುತ್ತಿಲ್ಲ ಎಂದಾದರೆ ಸೀಲಿಯಾಕ್ ಕಾಯಿಲೆಯ ರಕ್ತಪರೀಕ್ಷೆಯ ಬಗ್ಗೆ ವೈದ್ಯರನ್ನು ಕೇಳಿರಿ. ಆದರೆ ಪರೀಕ್ಷೆಗೆ ಮೊದಲೇ ನೀವಾಗಿ ಗೋಧಿ ಬಿಡಿಸಬೇಡಿರಿ, ಬಿಡಿಸಿದ ಮೇಲೆ ಮಾಡಿಸಿದರೆ ಕಾಯಿಲೆಯಿದ್ದರೂ ವರದಿಯಲ್ಲಿ ಕಾಣದೆ ಹೋಗಬಹುದು. ಗದಗಿನ ಸುತ್ತಮುತ್ತ ಇಂಥ ಮಗುವಿರುವ ಮನೆಯಿದ್ದರೆ ನಮ್ಮ ಗಿರಣಿಯ ಕಾಕಾ ನಿಮ್ಮ ಜೋಳವನ್ನೂ ನಮ್ಮದರ ಜೊತೆಗೇ ಬೀಸಿಕೊಡಲು ಒಪ್ಪಿದ್ದಾರೆ.

ಬರುವ ಎಳ್ಳ ಅಮಾವಾಸ್ಯೆಗೆ ನಮ್ಮ ಹೊಲದಲ್ಲಿ ಚರಗ ಚೆಲ್ಲುವಾಗ ಇಲ್ಲಿ ನೆನೆದ ಎಲ್ಲರೂ ಬರಬೇಕೆಂದು ಅತ್ತೆಯವರು ಹೇಳಿ ಕಳಿಸಿದ್ದಾರೆ. ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಎಣ್ಣೆಗಾಯಿ, ಕಡುಬು ಎಲ್ಲವೂ ನಮ್ಮ ಮನೆಯಿಂದಲೇ ಬರುತ್ತವೆ. ನೀವು ಊಟಕ್ಕೆಂದು ಏನನ್ನೂ ತರುವುದು ಬೇಡ, ಮಕ್ಕಳನ್ನು ಮಾತ್ರ ತಪ್ಪದೆ ಕರೆದುಕೊಂಡು ಬನ್ನಿರಿ.