ಒಳಗಿನ ಕ್ಲೋರಿನ್, ಹೊರಗಿನ ಕ್ಲೋರಿನ್

ಮೈಸೂರು
ಭಾನುವಾರ

ಪ್ರೀತಿಯ ಪುಟ್ಟಿ,

ಮೊನ್ನೆ ಫೋನಿನಲ್ಲಿ "ದೊಡ್ಡಪ್ಪ, ಕೋಬಾಲ್ಟಿನ ವೇಲೆನ್ಸಿ ಮೂರೋ ಆರೋ, ಯಾವುದಾದರೂ ಒಂದು ಹೇಳಿ" ಅಂತ ಸಿಟ್ಟಾದೆಯಲ್ಲ, ನನಗೆ ನಗು ಬಂತು. ವೇಲೆನ್ಸಿ ಅಂದರೆ ಒಂದು ಪರಮಾಣು ಬೇರೆಯವುಗಳ ಜೊತೆ ಸೇರುವ ಲೆಕ್ಕ. ಎರಡೂ ಸರಿ ಕಣೇ. ಫೋನಿನಲ್ಲಿ ಹೇಳಿ ಮುಗಿಯುವ ಮಾತಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ವ್ಯಾಖ್ಯೆಯನ್ನು ಬಾಯಿಪಾಠ ಮಾಡುವುದನ್ನು ಮೊದಲು ನಿಲ್ಲಿಸು. ಕೋಬಾಲ್ಟ್ ಕ್ಲೋರೈಡಿಗೆ ಅಮೋನಿಯಾ ಸೇರಿದ ಮೂರು ಉಪ್ಪುಗಳನ್ನು ಕಣ್ಣ ಮುಂದೆ ತಂದುಕೋ. ಆರು ಅಮೋನಿಯಾ ಇರುವುದು ಹಳದಿ, ಐದಿರುವುದು ನೇರಳೆ, ನಾಲ್ಕಿರುವುದು ಹಸಿರು. ಮೂರರಲ್ಲೂ ಕ್ಲೋರಿನ್ ಮೂರೇ. ಆದರೆ ನೀರಿನಲ್ಲಿ ಕರಗಿಸಿ ಸಿಲ್ವರ್ ನೈಟ್ರೇಟ್ ಹಾಕು, ಅದರಲ್ಲಿರುವ ಸಿಲ್ವರ್ ಬಿಡಿಯಾಗಿರುವ ಕ್ಲೋರಿನ್ನನ್ನು ಹಿಡಿದುಕೊಳ್ಳುತ್ತದೆ. ಹಳದಿಯದರಲ್ಲಿ ಮೂರು ಕ್ಲೋರಿನ್ನೂ ಒಡೆದ ಹಾಲಿನ ಹಾಗೆ ಬಿಳಿಯಾಗಿ ತಳಕ್ಕೆ ಬೀಳುತ್ತವೆ. ನೇರಳೆಯದರಲ್ಲಿ ಎರಡೇ. ಹಸಿರಿನದರಲ್ಲಿ ಒಂದೇ ಒಂದು. ಉಳಿದವು ಎಲ್ಲಿ ಹೋದವು?

ಈ ಪ್ರಶ್ನೆಗೆ 1893ರಲ್ಲಿ ಉತ್ತರ ಬರೆದ ರಸಾಯನಶಾಸ್ತ್ರಜ್ಞ ಆಲ್ಫ್ರೆಡ್ ವರ್ನರ್‌ಗೆ ಆಗ 26 ವರ್ಷ. ತಮಾಷೆ ಅಂದರೆ ಈ ಉಪ್ಪುಗಳ ಮೇಲೆ ಅವನು ಅಲ್ಲಿಯವರೆಗೆ ಸ್ವತಃ ಪ್ರಯೋಗ ಮಾಡಿರಲಿಲ್ಲ. ಡೆನ್ಮಾರ್ಕಿನ ರಸಾಯನಶಾಸ್ತ್ರಜ್ಞ ಯೋರ್ಗೆನ್ಸನ್ ಕಷ್ಟಪಟ್ಟು ಮಾಡಿಟ್ಟಿದ್ದ ಪ್ರಯೋಗಗಳನ್ನೇ ಬೇರೆ ಕಣ್ಣಿನಿಂದ ನೋಡಿದ.

ಅವನು ಹೇಳಿದ್ದು ಇಷ್ಟು. ಕೋಬಾಲ್ಟಿನ ಸುತ್ತ ಊಟದ ಪಂಕ್ತಿಯ ಹಾಗೆ ಆರು ಎಲೆ ಹಾಕಿದೆ. ಒಂದೂ ಖಾಲಿ ಇರಬಾರದು. ಅದು ದ್ವಿತೀಯಕ ವೇಲೆನ್ಸಿ, ನಿನ್ನ ಆರು. ಕೋಬಾಲ್ಟಿನ ಮೇಲಿರುವ ಮೂರು ಧನ ಚಾರ್ಜನ್ನು ಸರಿದೂಗಿಸುವುದು ಪ್ರಾಥಮಿಕ ವೇಲೆನ್ಸಿ, ನಿನ್ನ ಮೂರು. ಅಮೋನಿಯಾಕ್ಕೆ ಚಾರ್ಜ್ ಇಲ್ಲ, ಅದು ಎಲೆಯ ಮುಂದೆ ಕೂರುತ್ತದೆ ಅಷ್ಟೇ. ಅಮೋನಿಯಾ ಒಂದು ಕಡಿಮೆಯಾದರೆ ಆ ಎಲೆಗೆ ಕ್ಲೋರಿನ್ ಬಂದು ಕೂರುತ್ತದೆ. ಕೂತ ಮೇಲೆ ಸಿಲ್ವರ್ ಕರೆದರೂ ಸುಲಭಕ್ಕೆ ಏಳುವುದಿಲ್ಲ.

ನೀವು ಮಕ್ಕಳು ಜಾಸ್ತಿ ತಪ್ಪುವುದು ಇಲ್ಲೇ. ಒಳಗೆ ಕೂತ ಕ್ಲೋರಿನ್ ಪ್ರಾಥಮಿಕ ಲೆಕ್ಕದಿಂದ ಹೊರಗೆ ಹೋಯಿತು ಅಂದುಕೊಳ್ಳುತ್ತೀರಿ. ಇಲ್ಲ. ಅದರ ಋಣ ಚಾರ್ಜ್ ಹಾಗೇ ಇದೆ, ಹಾಗಾಗಿ ಎಲೆ ತುಂಬುವುದು, ಚಾರ್ಜ್ ಸರಿದೂಗಿಸುವುದು, ಎರಡೂ ಕೆಲಸ ಮಾಡುತ್ತದೆ. ಪರೀಕ್ಷೆಯಲ್ಲಿ ಮೊದಲು ಆರು ಎಲೆ ತುಂಬಿಸು, ಸುತ್ತ ಚೌಕದ ಕಂಸ ಹಾಕು, ಉಳಿದ ಕ್ಲೋರಿನ್ ಹೊರಗೆ ಬರೆ. ಹೊರಗಿರುವುದಷ್ಟೇ ಬೀಳುತ್ತದೆ.

ಅಂದಹಾಗೆ, ನಾಲ್ಕು ಅಮೋನಿಯಾದ್ದು ಹಸಿರು ಮಾತ್ರ ಅಲ್ಲ, ಊದಾ ಬಣ್ಣದ್ದೂ ಇದೆ. ಆರು ಎಲೆ ಚಪ್ಪಟೆಯಾಗಿ ಸುತ್ತಲೂ ಇದ್ದಿದ್ದರೆ, ಒಳಗಿನ ಎರಡು ಕ್ಲೋರಿನ್ ಕೂರುವ ಜಾಗದ ಮೇಲೆ ಮೂರು ಬಗೆ ಸಿಗಬೇಕಿತ್ತು. ಸಿಕ್ಕಿದ್ದು ಎರಡೇ. ಅದರಿಂದಲೇ ವರ್ನರ್ ಅಷ್ಟಮುಖಿ ಆಕಾರವನ್ನು ಹಿಡಿದ: ಮೇಲೊಂದು, ಕೆಳಗೊಂದು, ಸುತ್ತ ನಾಲ್ಕು. ಈ ಅಧ್ಯಾಯದಲ್ಲಿ ನನಗೆ ತುಂಬ ಇಷ್ಟವಾದ ಜಾಗ ಇದು. ಆಲೂಗಡ್ಡೆಗೆ ಆರು ಕಡ್ಡಿ ಚುಚ್ಚಿ ನೀನೇ ನೋಡು.

ಲ್ಯಾಬಿನ ವಿಷಯಕ್ಕೆ ಒಂದು ಮಾತು. ನಾನು ಓದುವಾಗ ಟೆಸ್ಟ್ ಟ್ಯೂಬನ್ನು ನಲ್ಲಿ ನೀರಿನಲ್ಲಿ ತೊಳೆದು, ಹಾಗೇ ಸಿಲ್ವರ್ ನೈಟ್ರೇಟ್ ಹಾಕಿದ್ದೆ. ಏನು ಹಾಕಿದರೂ ಬಿಳಿ! ನೀರಿನಲ್ಲೇ ಕ್ಲೋರೈಡ್ ಇತ್ತು. ಅರ್ಧ ದಿನ ಕೋಬಾಲ್ಟನ್ನು ಬೈದುಕೊಂಡೆ. ಡಿಸ್ಟಿಲ್ಡ್ ವಾಟರ್‌ನಲ್ಲೇ ತೊಳೆ. ಬಿಸಿಯನ್ನೂ ಮಾಡಬೇಡ, ಒಳಗೆ ಕೂತ ಕ್ಲೋರಿನ್ ನಿಧಾನವಾಗಿ ಎದ್ದು ಬರುತ್ತದೆ. ಸಿಲ್ವರ್ ನೈಟ್ರೇಟನ್ನು ಬೆರಳಿಗೆ ತಾಗಿಸಿಕೊಂಡರೆ ಕಪ್ಪು ಕಲೆ ವಾರವಾದರೂ ಹೋಗಲ್ಲ, ನಿಮ್ಮಮ್ಮನ ಹತ್ತಿರ ನನ್ನನ್ನು ಬೈಸಬೇಡ.

ಈಗ ಒಂದು ಲೆಕ್ಕ. ಪ್ಲಾಟಿನಂಗೆ ನಾಲ್ಕು ಕ್ಲೋರಿನ್, ನಾಲ್ಕು ಅಮೋನಿಯಾ. ಎಲೆ ಆರೇ. ಎಷ್ಟು ಕ್ಲೋರಿನ್ ಬೀಳುತ್ತದೆ, ಯಾಕೆ? "ಯಾಕೆ" ಅನ್ನುವುದನ್ನು ನಿನ್ನ ಮಾತಿನಲ್ಲೇ ಬರೆದು ಕಳಿಸು.

ಇಂತಿ
ನಿನ್ನ ದೊಡ್ಡಪ್ಪ